ಕೋತಿ ಹೊರಿಸಿದವಳು

ಹುಚ್ಚಕ್ಕ ದಂಡಿನಶಿವರದ ಆಚೆಯ ತೋಟವೊಂದರಲ್ಲಿ ಕೊಬ್ಬರಿ ಒಡೆಯುವ ಕೂಲಿಯವಳು. ಗಂಡ ಕೆಂಚಯ್ಯ ಅಲ್ಲೇ ಕಾಯಿ ಸುಲಿಯುತ್ತಿದ್ದ. ಹೋದ ಬೇಸಿಗೆಯಲ್ಲಿ ಜ್ವರ ಬಂದು ಸತ್ತ. ರಕ್ತ ನೋಡಿದವರು ಮಂಗನ ಕಾಯಿಲೆ ಎಂದರು.

ಅದಕ್ಕೆ ಮುಂಚೆ ತೋಟದಲ್ಲಿ ಒಂದು ಕೋತಿ ಸತ್ತು ಬಿದ್ದಿತ್ತು. ಸತ್ತ ಕೋತಿಯ ಮೈಮೇಲಿನ ಉಣ್ಣೆ ಹುಳ ಕಚ್ಚಿದರೆ ಕಾಯಿಲೆ ಬರುತ್ತದೆ, ಕಂಡರೆ ಮುಟ್ಟಬೇಡಿ, ಫೋನ್ ಮಾಡಿ, ಪರೀಕ್ಷೆ ಮಾಡಬೇಕು ಎಂದು ಆರೋಗ್ಯ ಇಲಾಖೆಯ ಶಿಲ್ಪ ಮನೆಮನೆಗೂ ಹೇಳಿಹೋಗಿದ್ದಳು. ಕೆಂಚಯ್ಯ ಫೋನ್ ಕೈಗೆ ತಗೊಂಡಿದ್ದ. ಹುಚ್ಚಕ್ಕನೇ ತಡೆದಳು.

"ಆಂಜನೇಯನ್ನ ಕುಯ್ಯೋಕೆ ಕೊಡ್ತೀಯಾ? ಹೊತ್ಕೊಂಡ್ ನಡಿ, ಮಣ್ಣು ಮಾಡಾನ."

ಅವನು ಹೆಗಲ ಮೇಲೆ ಹೊತ್ತ. ಅವಳು ಅರಿಶಿನದ ನೀರು ಹುಯ್ದಳು, ಹೂವಿಟ್ಟಳು. ಕೋತಿಯ ಮೈತುಂಬ ಉಣ್ಣೆ ಹುಳ. ಗಂಡನ ಕತ್ತಿನ ಮೇಲೆ ಹರಿಯುತ್ತಿದ್ದ ಒಂದನ್ನು ಅವಳೇ ಕಿತ್ತು ಬಿಸಾಡಿದಳು. ಅವಳಿಗೆ ಜ್ವರ ಬರಲಿಲ್ಲ. ಅವನಿಗೆ ಬಂತು.

ಈ ಸಲ ಶಿವರಾತ್ರಿ ಕಳೆದ ಮೇಲೆ ಅದೇ ತೋಟದಲ್ಲಿ ಇನ್ನೊಂದು ಕೋತಿ ಬಿತ್ತು. ಹುಚ್ಚಕ್ಕ ಶಿಲ್ಪಳಿಗೆ ಫೋನ್ ಮಾಡಿ, ದೂರದಲ್ಲಿ ಅಡ್ಡ ನಿಂತಳು. ಅಷ್ಟರಲ್ಲಿ ಊರಿನ ಹುಚ್ಚರಂಗಯ್ಯ ಗಂಡಸರನ್ನು ಕಟ್ಟಿಕೊಂಡು ಬಂದ. ಕೈಯಲ್ಲಿ ಹಾರ, ಕೇಸರಿ ಬಟ್ಟೆ, ಹಿಂದೆ ತಮಟೆ.

"ಸರ್ಕೊಳವ್ವ, ಮಣ್ಣು ಮಾಡ್ಬೇಕು."

"ಮುಟ್ಬೇಡಿ. ಶಿಲ್ಪ ಬತ್ತಾವಳೆ."

"ಯಾಕೆ, ತಿಥಿ ಮಾಡಾಕಾ?" ಎಂದ ತಮಟೆಯವನು. ಎಲ್ಲರೂ ನಕ್ಕರು.

ಹುಚ್ಚರಂಗಯ್ಯ ನಗಲಿಲ್ಲ. "ನಿನ್ ಗಂಡ ಹೊತ್ತು ಪುಣ್ಯ ಕಟ್ಕೊಂಡ ಕಣವ್ವ. ನಮಗ್ಯಾಕೆ ತಪ್ಪಿಸ್ತೀಯ?"

"ಹೊತ್ತೋನು ಅವನು. ಹೊರ್ಸಿದ್ದು ನಾನು. ಫೋನ್ ಮಾಡ್ತೀನಿ ಅಂದ, ನಾನು ಬುಡ್ಲಿಲ್ಲ. ಈಗ ಹೊರ್ತೀರಾ? ಹೊರಿ. ನಿಮ್ ಹೆಂಡ್ರನ್ನ ಒಂದ್ ಮಾತು ಕೇಳ್ಕೊಂಡ್ ಬನ್ನಿ."

ಇದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ಮುಂದೆ ಬರಲಿಲ್ಲ. ತಮಟೆಯವನು ತಮಟೆ ಕೆಳಗಿಟ್ಟ.

ಶಿಲ್ಪಳ ಜೊತೆ ಕೈಗವಸು ಹಾಕಿದವರು ಬಂದರು. ಬೇಕಾದ್ದು ಕುಯ್ದು ಡಬ್ಬಿಗೆ ಹಾಕಿಕೊಂಡು, ಉಳಿದದ್ದನ್ನು ಅಲ್ಲೇ ಸುಟ್ಟರು. ಹುಚ್ಚಕ್ಕ ಕಣ್ಣು ಮುಚ್ಚಲಿಲ್ಲ. ಕೈ ಮುಗಿಯೋಣ ಅಂದುಕೊಂಡಳು. ಕೈ ಏಳಲಿಲ್ಲ.

ಆಮೇಲೆ ಫಲಿತಾಂಶ ಬಂತು. ಆ ಕೋತಿಗೆ ಕಾಯಿಲೆಯೇ ಇರಲಿಲ್ಲ. ಅದನ್ನು ಹೇಳುವುದಕ್ಕೆಂದೇ ಹುಚ್ಚರಂಗಯ್ಯ ಅವಳು ಕೊಬ್ಬರಿ ಒಡೆಯುವಲ್ಲಿಗೆ ಬಂದ.

"ಕೇಳ್ದೇನವ್ವ? ಅದಕ್ಕೇನೂ ಇರ್ಲಿಲ್ವಂತೆ. ಸುಮ್ಸುಮ್ನೆ ದೇವ್ರನ್ನ ಸುಡಿಸ್ದೆ."

ಹುಚ್ಚಕ್ಕ ಇನ್ನೊಂದು ಕಾಯಿ ಒಡೆದಳು.

"ಆ ಪಾಪಾನೂ ನಂಗೇ ಇರ್ಲಿ ಬುಡಣ್ಣ. ಇನ್ನೊಂದು ಬಿದ್ರೆ ಮುಟ್ಟೋಕ್ ಮುಂಚೆ ನನ್ನ ಕೂಗು."