ಪಾಲಾಗದ ನೀರಿನ ಟೈಮು

ಹಾರೆ ಹಿಡಿದು ನಿಂತವರಿಗೆ ಯಾರಾದರೂ ಪ್ರೋಗ್ರಾಮಿಂಗ್ ಪಾಠ ಮಾಡಿದ್ದನ್ನು ನೋಡಿದ್ದೀರಾ? ಹೋದ ಭಾನುವಾರ ಹೂವಿನಹಡಗಲಿಯಲ್ಲಿ ನಾನು ನೋಡಿದೆ.

ಹಾರೆ ಇದ್ದದ್ದು ನನ್ನ ದೊಡ್ಡ ಸೋದರಮಾವ ಬಸಣ್ಣನವರ ಕೈಯಲ್ಲಿ. ಅದು ಬೀಳಲಿದ್ದದ್ದು ಅವರ ತಮ್ಮ, ಕೊಟ್ರೇಶ ಮಾವನ ಪೈಪಿನ ಮೇಲೆ. ಮಲ್ಲಿಗೆ ತೋಟ ಪಾಲಾಗಿದೆ, ಬೋರು ಮಾತ್ರ ಒಂದೇ. ಯಾರ ಗಿಡಕ್ಕೆ ಎಷ್ಟು ಹೊತ್ತು ನೀರು ಎಂಬುದನ್ನು ಮೋಟರ್ ಪಕ್ಕದ ಪೆಟ್ಟಿಗೆ ನೋಡಿಕೊಳ್ಳುತ್ತದೆ. (ಪಾಲಾದಾಗಿನಿಂದ ಮಾತು ಬಿಟ್ಟವರಿಗೆ ಅದೇ ಮಧ್ಯಸ್ಥ.)

ಹಳೆ ಪೆಟ್ಟಿಗೆ ಸುಟ್ಟುಹೋಯಿತು. ಕೊಟ್ಟೂರಿನಲ್ಲಿ ತನ್ನಪ್ಪನ ಮೋಟರ್ ರಿಪೇರಿ ಅಂಗಡಿ ನೋಡಿಕೊಳ್ಳುವ ಗೆಳತಿ ಶಬಾನಾಳನ್ನು ಕಳಿಸಿದವಳು ನಾನೇ. ಅವಳು ಹೊಸದನ್ನು ಕೂರಿಸಿ, ಸಿ ಭಾಷೆಯಲ್ಲಿದ್ದ ಪ್ರೋಗ್ರಾಮನ್ನು ಪೈಥಾನ್‌ಗೆ ತಿರುಗಿಸಿದಳು. ಅಲ್ಲಿಂದ ಶುರುವಾಯಿತು ನೋಡಿ! ತಮ್ಮ ತನ್ನ ಟೈಮು ಹೆಚ್ಚಿಸಿದರೆ ಅಣ್ಣನ ಗಿಡದ ಬುಡದಲ್ಲಿ ನೀರು ನಿಲ್ಲುತ್ತದೆ. ಅಣ್ಣ ಇಳಿಸಿದರೆ ತಮ್ಮನ ಮೊಗ್ಗು ಬಾಡುತ್ತದೆ.

"ಬೇಕಂತಲೇ ಮಾಡ್ಯಾನ! ನನ್ನ ಗಿಡ ಕೊಳಿಸಾಕ ನಿಂತಾನ" ಎಂದರು ಬಸಣ್ಣ ಮಾವ.

"ನಮ್ಮಣ್ಣ ಏನ್ ಕಡಿಮಿ ಅದಾನ? ನನ್ನ ಹೂವು ಒಣಗಿಸಿದವರು ಯಾರು?"

ಶಬಾನಾ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. "ತಪ್ಪು ನಂದ್ರಿ ಕಾಕಾ. ದೊಡ್ಡ ಕಾಕಾರ ಟೈಮಿನ ಪಟ್ಟಿ ಬರ್ದು, ಅದನ್ನ ಸಣ್ಣ ಕಾಕಾರ ಹೆಸರಿಗೂ ಹಾಕೀನ್ರಿ. ಹಳೇ ಭಾಷಾದಾಗ ಹಂಗ ಮಾಡಿದ್ರ ಎರಡೂ ಬ್ಯಾರೆ ಆಗ್ತಿದ್ದುವು. ಇದರಾಗ ಆಗಂಗಿಲ್ಲ. ಹೆಸರು ಎರಡು, ಒಳಗಿಂದು ಒಂದ. ಒಬ್ರು ಮುಟ್ಟಿದ್ರ ಇನ್ನೊಬ್ರಿಗೂ ತಟ್ಟತೈತಿ."

ಸಾಲಿಗೆ ಸಾಲು ಸರಿಯಾಗಿಯೇ ಬರೆದಿದ್ದಳು. ಆದರೆ ಒಂದು ಭಾಷೆಯ ರಿವಾಜು ಇನ್ನೊಂದಕ್ಕೆ ಇರಬೇಕಲ್ಲ! ಅಲ್ಲಿ ಪಾಲು ಎನಿಸಿಕೊಂಡದ್ದು ಇಲ್ಲಿ ಜಂಟಿ.

ನನಗೇಕೋ ನಗು ಬರಲಿಲ್ಲ. "ಬೇಕಂತಲೇ ಮಾಡಿದ" ಎಂಬ ಮಾತು ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಫೋನ್ ಎತ್ತದಿದ್ದರೆ ಬೇಕಂತಲೇ. ಮದುವೆ ಕಾರ್ಡಿನಲ್ಲಿ ಹೆಸರು ಕೆಳಗೆ ಬಿದ್ದರೆ ಬೇಕಂತಲೇ. ನಡುವೆ ಏನೋ ಕೆಟ್ಟಿರಬಹುದು ಎಂದು ಪೆಟ್ಟಿಗೆ ತೆರೆದು ನೋಡುವ ತಾಳ್ಮೆ ಯಾರಿಗಿದೆ?

ಶಬಾನಾ ಒಂದು ಸಾಲು ತಿದ್ದಿದಳು. "ಈಗ ಪೂರಾ ಬ್ಯಾರೆ ಆತ್ರಿ. ಯಾರ್ದೂ ಯಾರಿಗೂ ತಾಗಂಗಿಲ್ಲ."

ಬಸಣ್ಣ ಮಾವ ಹಾರೆ ಕೆಳಗಿಟ್ಟರು. ಕೊಟ್ರೇಶ ಮಾವ ಚಪ್ಪಲಿ ಮೆಟ್ಟಿಕೊಂಡರು. ಇಬ್ಬರೂ ತಮ್ಮ ತಮ್ಮ ಪಾಲಿನ ಕಡೆ ನಡೆದರು.

ಸಂಜೆ ಅಮ್ಮನ ಫೋನು. ಇಬ್ಬರಿಗೂ ಅವಳೊಬ್ಬಳೇ ಅಕ್ಕ.

"ಪೆಟ್ಟಿಗಿ ಸರಿ ಆತೇನ?"

ಆಯಿತು ಎಂದೆ.

"ಮತ್ತ, ಅವರು ಮಾತಾಡಿದ್ರೇನ?"