ಎಡ ಮೂಗಿನ ವಜ್ರ

ಆರ್.ಟಿ. ನಗರದಲ್ಲಿ ಟೈಲರ್ ಅಂಗಡಿಯ ಮೇಲಿರುವ ನನ್ನ ಕೋಣೆಗೆ ದೊಡ್ಡ ದೊಡ್ಡ ಕಾರುಗಳು ಬರತೊಡಗಿದ ಮೇಲೆ, ಕೆಳಗಿನ ಟೈಲರ್ ನನ್ನನ್ನು ‘ಗುರು’ ಎನ್ನುವುದು ಬಿಟ್ಟು ‘ಸರ್’ ಎನ್ನತೊಡಗಿದ. ಕಾರು ಅವನ ಬಾಗಿಲಿಗೆ ಅಡ್ಡ ನಿಂತಾಗ ಮಾತ್ರ ಮತ್ತೆ ‘ಗುರು’. ಜಕ್ಕೂರು, ಹೆಬ್ಬಾಳದ ಸಿರಿವಂತ ಹೆಂಗಸರಿಗೆ ನನ್ನ ಕೈಯಲ್ಲಿ ಚಿತ್ರ ಬರೆಸಿಕೊಳ್ಳುವುದು ಯಾಕೆ ಫ್ಯಾಷನ್ ಆಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡು ಗದ್ದ ಇದ್ದವರಿಗೂ ಒಂದೇ ಬರೆಯುತ್ತೇನೆ, ಅದಿರಬಹುದು.

ಜಕ್ಕೂರಿನ ಒಬ್ಬ ಮೇಡಂ ಮೂರು ದಿನ ಬಂದು ಕೂತರು. ಸೀರೆ, ಕೈ, ಕುತ್ತಿಗೆ ಎಲ್ಲ ಸಲೀಸಾಗಿ ಬಂತು. ಮುಖ ಮಾತ್ರ ಸಿಗಲಿಲ್ಲ. ಅದು ಸದಾ ಫೋನಿನಲ್ಲಿ ಮಾತಾಡುತ್ತಿತ್ತು. ಕೊನೆಗೆ ಅವರೇ, “ಒಂದು ಸೆಲ್ಫಿ ಕಳಿಸ್ತೀನಿ, ಅದನ್ನೇ ನೋಡಿ ಬರೀರಿ ಸರ್” ಎಂದರು. ಬರೆದೆ. ಮೂಗಿನ ವಜ್ರದ ಮೇಲೆ ಬಿಳಿ ಚುಕ್ಕಿ ಇಟ್ಟಾಗ ನನಗೇ ಶಿಳ್ಳೆ ಹೊಡೆಯುವಷ್ಟು ಖುಷಿಯಾಯಿತು.

ಚಿತ್ರದ ಪರದೆ ಸರಿಸಲು ಅವರ ಮನೆಯಲ್ಲಿ ಪಾರ್ಟಿ. ಬಂದಿದ್ದ ಹೆಂಗಸರಲ್ಲಿ ಅರ್ಧದಷ್ಟು ಜನ ಮುಂದೆ ನನ್ನೆದುರು ಕೂರಬೇಕೆಂದಿದ್ದವರು. ಇದೊಂದು ಕೆಟ್ಟರೆ ಎಲ್ಲವೂ ಕೆಟ್ಟಂತೆ. ಆ ಭಯಕ್ಕೆ ನಾನು ಪಾರ್ಟಿಗೂ ಬಣ್ಣದ ಪೆಟ್ಟಿಗೆ ಹೊತ್ತುಕೊಂಡೇ ಹೋಗುತ್ತೇನೆ, ಪ್ಲಂಬರ್ ಹಾಗೆ.

ಪರದೆ ಸರಿಯಿತು. ಚಪ್ಪಾಳೆ. ಫೋಟೋಕ್ಕೆಂದು ಮೇಡಂ ಚಿತ್ರದ ಪಕ್ಕ ನಿಂತರು. ಅವರ ವಜ್ರ ಬಲ ಮೂಗಿನಲ್ಲಿ ಮಿನುಗುತ್ತಿತ್ತು. ನಾನು ಬರೆದದ್ದು ಎಡ ಮೂಗಿನಲ್ಲಿ.

ಸೆಲ್ಫಿ! ಕನ್ನಡಿಯ ಹಾಗೆ ಎಡಬಲ ತಿರುಗಿಸುವ ಆ ಕ್ಯಾಮೆರಾವನ್ನು ನಂಬಿ, ಇಷ್ಟು ವರ್ಷ ಮೂಗು ಬರೆದವನು ಮೂಗನ್ನೇ ಮಗುಚಿ ಹಾಕಿದ್ದೆ. ಬಾಯಲ್ಲಿದ್ದ ಗೋಡಂಬಿ ಅಲ್ಲೇ ನಿಂತಿತು. ಯಾರೂ ಗಮನಿಸಲಿಲ್ಲ ಎಂದುಕೊಳ್ಳುವಷ್ಟರಲ್ಲಿ, ಸೋಫಾದ ತುದಿಯಲ್ಲಿದ್ದ ಅವರ ಅತ್ತೆ ಎದ್ದು ಬಂದರು. ಹುಣಸಮಾರನಹಳ್ಳಿಯ ಅಜ್ಜಿ. ಆ ವಜ್ರ ಸೊಸೆಗೆ ಬಂದದ್ದು ಇವರ ಮೂಗಿನಿಂದಲೇ.

“ಏನಪ್ಪಾ, ಮೂಗ್‌ಬಟ್ಟು ಎಡಕ್ಯಾಕೋಯ್ತು? ಇವ್ಳು ನಮ್ ಮನೆ ಸೊಸೇನೋ, ಪಕ್ಕದ್ ಮನೆಯವ್ಳೋ?”

ಹಾಲ್‌ನಲ್ಲಿದ್ದ ಅಷ್ಟೂ ಕಣ್ಣು ಚಿತ್ರದ ಮೂಗಿಗೆ, ಅಲ್ಲಿಂದ ಮೇಡಂ ಮೂಗಿಗೆ, ಅಲ್ಲಿಂದ ನನ್ನತ್ತ.

“ಅಜ್ಜೀ, ಅದು... ಕನ್ನಡೀಲಿ ನೋಡ್ದಂಗೆ ಬರ್ದಿದ್ದೀನಿ,” ಎಂದು ತೊದಲಿದೆ.

“ಅದಕ್ಕೇ ನನಗಿಷ್ಟ ಆಯ್ತು ಅತ್ತೆ!” ಎಂದರು ಮೇಡಂ. “ಫೋಟೋಲೆಲ್ಲ ಯಾರೋ ಬೇರೆಯವ್ಳ ಥರ ಇರ್ತೀನಿ. ಇದ್ರಲ್ಲಿ ದಿನಾ ಕನ್ನಡೀಲಿ ಕಾಣೋ ನಾನೇ ಇದೀನಿ. ಅಳಿಸೋದ್ ಬೇಡ.”

ಅಜ್ಜಿ ಸೊಂಟಕ್ಕೆ ಕೈಯಿಟ್ಟು ಯೋಚಿಸಿದರು. ಚಿತ್ರ ಗೋಡೆಯಲ್ಲಿ ಉಳಿಯುತ್ತದೋ ಇಳಿಯುತ್ತದೋ ಎಂದು ನಾನು ಅವರ ಮುಖವನ್ನೇ ನೋಡುತ್ತಿದ್ದೆ.

“ಅಳಿಸ್ಬ್ಯಾಡ ಬುಡು. ನಮ್ಮತ್ತೆ ಎಲ್ಡೂ ಕಡೆ ಆಕ್ಕೊಂಡಿದ್ರು. ಬಲಕ್ಕೂ ಒಂದ್ ಬರಿ, ಲಕ್ಷಣವಾಗಿರ್ತದೆ.”

ಸ್ಟೂಲು ಬಂತು. ಹತ್ತಿದೆ. ಕೆಳಗೆ ಅಷ್ಟೂ ಜನ ಫೋನ್ ಎತ್ತಿ ಹಿಡಿದಿದ್ದರು. ಬಲ ಮೂಗಿಗೆ ಬೂದು, ಅದರ ಮೇಲೆ ಬಿಳಿ ಚುಕ್ಕಿ. ಜನ ಸಿಕ್ಸರ್ ನೋಡಿದ ಹಾಗೆ ಕೂಗಿದರು! ಇಳಿಯುವಾಗ ಬೂದು ಬಣ್ಣ ತಾಗಿ ನನ್ನ ಬಿಳಿ ಜುಬ್ಬಾದಲ್ಲಿ ಮೂರನೆಯ ವಜ್ರವೊಂದಿತ್ತು.

“ಈಗ ಚಿತ್ರದವಳಿಗೆ ಎರಡು, ನನಗೊಂದೇ,” ಎಂದು ಮೇಡಂ ಮುಖ ಸಣ್ಣ ಮಾಡಿದರು.

“ಚುಚ್ಚುಸ್ಕೊ. ಅದಕ್ಕೇನ್ ದಾಡಿ?” ಎಂದರು ಅಜ್ಜಿ.

ತಮಾಷೆ ಎಂದುಕೊಂಡಿದ್ದೆ. ಹೋದ ವಾರ ಮೇಡಂ ಫೋನ್: “ಸರ್, ಎಡಗಡೇನೂ ಚುಚ್ಚಿಸ್ಕೊಂಡ್‌ಬಿಟ್ಟೆ! ನಮ್ ಫ್ಲೋರಲ್ಲಿ ಇನ್ನಿಬ್ರು ಚುಚ್ಚಿಸ್ಕೊಂಡು ನಿಮ್ ಹತ್ರ ಬರ್ತಿದಾರೆ.”

ಹೆಸರು ಉಳಿಯಿತಲ್ಲ ಎಂದು ನಾನು ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದೆ. ಅಷ್ಟರಲ್ಲಿ ಅವರ ದನಿ ತಗ್ಗಿತು.

“ಒಂದೇ ತೊಂದ್ರೆ ಸರ್. ಮೂಗು ಒಂದ್ ಕಡೆ ಊದ್ಕೊಂಡಿದೆ. ಮನೆಗೆ ಬಂದೋರು ಚಿತ್ರ ನೋಡಿ, ಇದು ನೀವೇನಾ ಅಂತಾರೆ. ಅದ್ರಲ್ಲೂ ಸ್ವಲ್ಪ ಊದ್ಸೋಕಾಗುತ್ತಾ?”

ಪೆಟ್ಟಿಗೆ ಎತ್ತಿಕೊಳ್ಳುವ ಮೊದಲು ಕೇಳಿದೆ: “ಮೇಡಂ, ನಿಮ್ಮ ಎಡಾನೋ, ಕನ್ನಡಿ ಎಡಾನೋ?”