ಒಬ್ಬ ನಾದಿನಿಯನ್ನು ಇಲ್ಲವೆಂದೆ

ಠಣ್ ಎಂದು ತೊಗರಿಬೇಳೆಯ ಡಬ್ಬಿ ಕಟ್ಟೆಗೆ ಬಡಿಯುವ ಸದ್ದು. ಸಿಂದಗಿಯ ನಮ್ಮ ಅಡುಗೆಮನೆಯಲ್ಲಿ ಮೇಲಿನ ಶೆಲ್ಫಿನಿಂದ ಏನಾದರೂ ಇಳಿಸಬೇಕಾದರೆ ನನ್ನ ಕಿರಿಯ ನಾದಿನಿ ತುದಿಗಾಲಲ್ಲಿ ನಿಲ್ಲುತ್ತಿರಲಿಲ್ಲ. ಉದ್ದ ಸೌಟಿನಿಂದ ಡಬ್ಬಿಯನ್ನು ಅಂಚಿಗೆ ಎಳೆದು ಸೆರಗೊಡ್ಡಿ ಹಿಡಿಯುತ್ತಿದ್ದಳು. ಎಷ್ಟೋ ಸಲ ತಪ್ಪುತ್ತಿತ್ತು, ನಾವೆಲ್ಲ ನಗುತ್ತಿದ್ದೆವು. ಅತ್ತೆ ಮಾತ್ರ ನಗುತ್ತಿರಲಿಲ್ಲ. ಅವರು ಅದನ್ನು ಮೊದಲೊಮ್ಮೆ ನೋಡಿದ್ದರು.

ನೋಡಿದ್ದು ತಮ್ಮ ಹಿರಿಯ ಮಗಳಲ್ಲಿ. ಅವಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದರು. ಮೂವತ್ತರ ಹೊತ್ತಿಗೆ ತೊಡೆಗೆ ಕೈ ಊರಿ ಮೆಟ್ಟಿಲು ಹತ್ತತೊಡಗಿದಳು. ಹತ್ತು ವರ್ಷ ಕಳೆಯುವುದರೊಳಗೆ ಹಾಸಿಗೆ ಹಿಡಿದು ತೀರಿಕೊಂಡಳು. ಮನೆಯಲ್ಲಿ ಅದಕ್ಕೆ ವಾಯು ಎಂದರು. ಆ ಮೇಲೆ ಅವಳ ಕಾಲಿನ ಮಾತನ್ನು ಯಾರೂ ಎತ್ತಲಿಲ್ಲ.

ಕಿರಿಯವಳನ್ನು ಇಂಡಿಗೆ ಕೊಟ್ಟೆವು. ಎರಡೇ ವರ್ಷಕ್ಕೆ ಅವಳ ಅತ್ತೆ ತಂದು ಬಿಟ್ಟಳು. ಹೊಲಕ್ಕೆ ಬುತ್ತಿ ಕೊಟ್ಟು ಕಳಿಸಿದರೆ ದಾರಿಯಲ್ಲಿ ಕೂರುತ್ತಾಳಂತೆ, ಕೂತರೆ ಏಳುವುದಿಲ್ಲವಂತೆ. “ನಿಮ್ಮ ಮಗಳ ಜೀವ ಎಲ್ಲಾ ನಾಲಿಗ್ಯಾಗ ಐತ್ರಿ, ಕಾಲಿಗೆ ಇಳಿದೇ ಇಲ್ಲ,” ಎಂದು ಹೊಸ್ತಿಲಲ್ಲಿ ನಿಂತೇ ಹೇಳಿ ಹೋದಳು.

ಕೊನೆಗೆ ದೂರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ, ಕಾನ್ವೆಂಟಿನಲ್ಲಿ ಕಲಿತವಳು, ಮಾರಲ್ ಸೈನ್ಸಿನಲ್ಲಿ ಪ್ರತಿ ವರ್ಷ ಫಸ್ಟ್ ಪ್ರೈಜ್ ತಂದವಳು. ಡಾಕ್ಟರ್ ಅವಳಿಗೆ ತುದಿಗಾಲಲ್ಲಿ ನಿಲ್ಲಲು ಹೇಳಿದರು. ಟೇಬಲ್ ಹಿಡಿದು ಎಷ್ಟು ತಿಣುಕಿದರೂ ಹಿಮ್ಮಡಿ ಮೇಲೇಳಲಿಲ್ಲ. ರಕ್ತ ನೋಡಿ, ಸ್ನಾಯು ಒಡೆದು ಅದರೊಳಗಿನದು ರಕ್ತಕ್ಕೆ ಸೋರುತ್ತಿದೆ ಎಂದರು. ಆಮೇಲೆ ಪೆನ್ನು ಹಿಡಿದು ಫ್ಯಾಮಿಲಿ ಹಿಸ್ಟರಿ ಕೇಳಿದರು: ಮನೆಯಲ್ಲಿ ಇನ್ನಾರಿಗಾದರೂ ಹೀಗಿದೆಯೇ, ತಂದೆ ತಾಯಿ ಸಂಬಂಧಿಕರೇ?

ಮೊದಲ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಹೇಳಿದೆ.

“ಅಕ್ಕಗಿತ್ತಲ್ರಿ, ವೈನಿ,” ಎಂದಳು ನಾದಿನಿ.

ನಾನು ಡಾಕ್ಟರ ಕಡೆ ತಿರುಗಿದೆ. “ನೋ, ಡಾಕ್ಟರ್. ನೋಬಡಿ.”

ಎರಡನೆಯ ಪ್ರಶ್ನೆಯನ್ನು ಅವಳಿಗೆ ಹೇಳಲೂ ಇಲ್ಲ, ಅದಕ್ಕೂ ನೋ ಅಂದೆ. ನಮ್ಮ ಅತ್ತೆಯನ್ನು ಅವರ ಸ್ವಂತ ಸೋದರಮಾವನಿಗೇ ಕೊಟ್ಟಿದ್ದರು.

ಅದೇ ವಾರ ಬಸವನ ಬಾಗೇವಾಡಿಯಿಂದ ನನ್ನ ಮಗಳನ್ನು ನೋಡಲು ಬರುವವರಿದ್ದರು. ಆಸ್ಪತ್ರೆಯ ಫೈಲಿಗೆ ಬಿದ್ದ ಮಾತು ಸಂಜೆಯೊಳಗೆ ಬಸ್ ಸ್ಟ್ಯಾಂಡ್ ಮುಟ್ಟುತ್ತದೆ ಎಂದು ನಂಬಿದವಳು ನಾನು.

ನಾದಿನಿಯ ತೊಡೆಯಿಂದ ಚೂರು ಮಾಂಸ ತೆಗೆದು ಬಯಾಪ್ಸಿ ಮಾಡಿದರು. ಅದರಲ್ಲಿ ಉರಿಯೂತ ಕಂಡಿತು. ಮನೆತನದಲ್ಲಿ ಯಾರಿಗೂ ಇಲ್ಲವೆಂದ ಮೇಲೆ ಇದು ಹುಟ್ಟಿನಿಂದ ಬಂದದ್ದಲ್ಲ, ದೇಹವೇ ತನ್ನ ಸ್ನಾಯುವಿನ ಮೇಲೆ ತಿರುಗಿಬಿದ್ದಿದೆ ಎಂದುಕೊಂಡು ಸ್ಟೀರಾಯ್ಡ್ ಬರೆದರು. ಒಂಬತ್ತು ವರ್ಷ ನಾನೇ ಕೈಯಾರೆ ಆ ಗುಳಿಗೆ ಕೊಟ್ಟೆ. ಕಾಲಿಗೆ ಬಲ ಬರಲಿಲ್ಲ. ಮುಖ ಊದಿತು, ಶುಗರ್ ಬಂತು, ಒಮ್ಮೆ ಬಚ್ಚಲಲ್ಲಿ ಸುಮ್ಮನೆ ಕೂರುವಾಗ ಸೊಂಟದ ಎಲುಬು ಬಿರುಕು ಬಿಟ್ಟಿತು.

ಮಗಳ ಮದುವೆ ಬಾಗೇವಾಡಿಗೇ ಆಯಿತು. ಮೊಮ್ಮಗಳ ತೊಟ್ಟಿಲ ದಿನ ಬೀಗತಿ ಎಲೆ ಮಡಚುತ್ತ ಹೇಳಿದಳು: “ನಿಮ್ಮ ಮುದ್ದೇಬಿಹಾಳದಾಕಿ ಸುದ್ದಿ ನಮಗ ಮೊದಲ ಗೊತ್ತಿತ್ರಿ. ಅದಕ್ಕ ನೋಡಾಕ ಬಂದಾಗ ಹುಡುಗಿ ಕಡಿಂದ ಮ್ಯಾಲಿನ ಶೆಲ್ಫಿನ ತಾಟು ತೆಗೆಸಿದ್ವಿ. ತುದಿಗಾಲ ಮ್ಯಾಲ ನಿಂತಳು, ಹೂಂ ಅಂದ್ವಿ.”

ಆಗಲಾದರೂ ಹೋಗಿ ಡಾಕ್ಟರಿಗೆ ನಿಜ ಹೇಳಬಹುದಿತ್ತು. ಐ ಲೈಡ್, ಎರಡೇ ಪದ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷಿನಲ್ಲಿ ಅಷ್ಟು ನನಗೆ ಬರುತ್ತಿತ್ತು. ಹೋಗಲಿಲ್ಲ.

ಅದಾದ ಎಷ್ಟೋ ವರ್ಷದ ಮೇಲೆ ಸ್ನಾಯುರೋಗಗಳ ಮೂಲ ಹುಡುಕುವ ರಿಸರ್ಚಿನಲ್ಲಿದ್ದ ಒಬ್ಬ ಡಾಕ್ಟರ್ ಹುಡುಗಿ ಆಸ್ಪತ್ರೆಯ ಹಳೇ ಫೈಲು ನೋಡಿ ನಮ್ಮ ಮನೆಗೆ ಬಂದಳು. ನಮ್ಮ ಕಡೆಯವಳೇ, ನನ್ನ ಇಂಗ್ಲಿಷ್ ಅವಳಿಗೆ ಬೇಕಿರಲಿಲ್ಲ. ನಾದಿನಿಯ ಮಂಚದ ಪಕ್ಕ ಕೂತು ನೇರ ಅವಳನ್ನೇ ಕೇಳಿದಳು. ನಾದಿನಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹುಡುಗಿ ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆದಳು. ಅತ್ತೆ ಮಾವನ ನಡುವೆ ರಕ್ತಸಂಬಂಧಕ್ಕೆಂದು ಎರಡು ಗೆರೆ ಎಳೆದಳು, ಮುದ್ದೇಬಿಹಾಳದವಳ ವೃತ್ತಕ್ಕೆ ಕಪ್ಪು ತುಂಬಿದಳು. ನಾನು ಚಹಾದ ಟ್ರೇ ಹಿಡಿದು ನಿಂತಿದ್ದೆ.

ಜೀನ್ ಟೆಸ್ಟಿನ ಉತ್ತರ ಬಂದಾಗ ಮತ್ತೆ ಬಂದು ವಿವರಿಸಿದಳು. ಸ್ನಾಯುವಿನ ಹೊರಪೊರೆ ಹರಿದಾಗ ಅದಕ್ಕೆ ತೇಪೆ ಹಾಕುವ ಒಂದು ಪ್ರೋಟೀನ್ ಇವರಲ್ಲಿ ತಯಾರಾಗುವುದೇ ಇಲ್ಲ. ದೋಷ ತಂದೆ ತಾಯಿ ಇಬ್ಬರಿಂದಲೂ ಬಂದಿದೆ. ಬಯಾಪ್ಸಿಯಲ್ಲಿ ಅದು ಉರಿಯೂತದ ಹಾಗೇ ಕಾಣಬಹುದು. ಕ್ಯೂರ್ ಇದೆಯೇ ಎಂದು ಕೇಳಿದೆ. ಇನ್ನೂ ಇಲ್ಲ, ಎಂದಳು. ಆಮೇಲೆ ನನ್ನ ಮುಖ ನೋಡದೆ, “ಅಕ್ಕನ ಸುದ್ದಿ ಅವಾಗ ಸಿಕ್ಕಿದ್ರ ಆ ಗುಳಿಗಿ ತಪ್ಪತಿತ್ರಿ,” ಎಂದಳು.

ಹೇಗೂ ಔಷಧವಿಲ್ಲದ ರೋಗ, ನೀನು ಹೇಳಿದ್ದರೂ ಏನಾಗುತ್ತಿತ್ತು ಎಂದು ನಮ್ಮವರು ನನ್ನನ್ನು ಸಮಾಧಾನ ಮಾಡುತ್ತಾರೆ. ಸೊಂಟ ಬಿರುಕು ಬಿಟ್ಟವಳನ್ನು ಅವರು ಎತ್ತಿ ಕೂರಿಸಿಲ್ಲ.

ಈಗ ಅವಳಿಲ್ಲ. ಆಲಮಟ್ಟಿಯ ಕಾಲುವೆ ಆಫೀಸಿನಲ್ಲಿದ್ದ ನನ್ನ ಮೈದುನ, ಅವಳ ತಮ್ಮ, ಮೆಟ್ಟಿಲಿಲ್ಲದ ಕ್ವಾರ್ಟರ್ಸ್ ಸಿಕ್ಕಿತೆಂದು ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದ. ಅಲ್ಲೇ ತೀರಿಕೊಂಡಳು. ಹೊರಟ ದಿನ ಅವಳನ್ನು ಕಾರಿನಲ್ಲಿ ಕೂರಿಸಿ ಬಲಗಾಲನ್ನು ಎತ್ತಿ ಒಳಗಿಟ್ಟೆ. ಆಗ ನನ್ನ ಕೈ ಹಿಡಿದಳು.

“ವೈನಿ, ನೋ ಅಂದ್ರೇನಂತ ನನಗ ಅವತ್ತೂ ಗೊತ್ತಿತ್ರಿ. ನಮ್ಮ ಹುಡುಗಿ ಮದವಿ ಐತಂತ ಸುಮ್ನಿದ್ದೆ.” ಸ್ವಲ್ಪ ಉಸಿರು ತೆಗೆದುಕೊಂಡಳು. “ಮದವಿ ಆದ ಮ್ಯಾಲರೆ ನೀವ ಹೇಳ್ತೀರಿ ಅಂತ ದಾರಿ ಕಾಯ್ದೆ.”

ಎಡಗಾಲು ಇನ್ನೂ ಹೊರಗಿತ್ತು. ಎತ್ತಿ ಒಳಗಿಟ್ಟೆ. ಅವಳು ಸೆರಗನ್ನು ಒಳಗೆಳೆದುಕೊಂಡು ಮುಂದೆ ನೋಡುತ್ತ ಕೂತಳು, ಮೈದುನ ಬಾಗಿಲು ಹಾಕಿದ.